ಕಪ್ಪು ಬಟ್ಟೆಯ ಕೆಳಗಿನ ಗುಡ್ಡ

ತಿರುವನಂತಪುರ
9 ಸೆಪ್ಟೆಂಬರ್ 2005

ಸುಮಯ್ಯಾ,

ನಾಳೆ ಬೆಳಿಗ್ಗೆ ನಿನ್ನ ಮಾವನ ಮಗ ಅಶ್ರಫ್ ಪರಶುರಾಮ್ ಎಕ್ಸ್‌ಪ್ರೆಸ್ಸಿನಲ್ಲಿ ಉಪ್ಪಳಕ್ಕೆ ಹೊರಡುತ್ತಾನೆ. ಟೆಕ್ನೋಪಾರ್ಕಿನವರಿಗೆ ಓಣಂ ರಜೆ ಇವತ್ತೇ ಶುರುವಾಗಿದೆಯಂತೆ, ಪುಣ್ಯವಂತರು. ಡಿಟೆಕ್ಟರಿನ ಪೆಟ್ಟಿಗೆ ಅವನ ತೊಡೆಯ ಮೇಲಿರುತ್ತದೆ. ಎರ್ನಾಕುಳಂ ನಾರ್ತ್ ಸ್ಟೇಷನ್ನಿನಲ್ಲಿ ಬಾಗಿಲ ಹತ್ತಿರವೇ ನಿಂತು ಇಸಿದುಕೊ. ಹೋದ ಸಲ ಅದನ್ನು ಸೀಟಿನ ಕೆಳಗೆ ತಳ್ಳಿದ್ದನೆಂದು ಬೈದೆ. "ಒಳಗೆ ಎಂತದು, ಮೊಟ್ಟೆಯಾ?" ಅಂದ. "ಮೊಟ್ಟೆ ಒಡೆದರೆ ಆಮ್ಲೆಟ್ ಆದ್ರೂ ಆಗುತ್ತೆ ಕಣಪ್ಪ, ಇದು ಒಡೆದರೆ ನಾವಿಬ್ಬರೂ ಊರಿಗೆ ಹೋಗಬೇಕು" ಅಂದೆ.

ಇ-ಮೇಲ್ ಮಾಡಬಾರದಾ ಎಂದೂ ಕೇಳಿದ. ಲ್ಯಾಬಿನ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳೆಲ್ಲ ಚೌಕಚೌಕವಾಗಿ ಕಾಣುತ್ತವೆ, ಇಂಗ್ಲಿಷಿನಲ್ಲಿ ಬರೆದರೆ ನನ್ನ ಗೈಡ್ ರಾಜಲಕ್ಷ್ಮಿ ಮೇಡಂ ಓದುತ್ತಾರೆ. ನಿನ್ನನ್ನು ಬೈಯಲು ನನಗೆ ಪೆಟ್ಟಿಗೆಯ ಸ್ಪಂಜಿನ ಅಡಿಯೇ ಸರಿ.

ನನ್ನ ಸುದ್ದಿ ಏನೂ ಇಲ್ಲ. ಬೆಳಕಿನ ಒಂದೊಂದೇ ಕಣ ಎಣಿಸುವ ಡಿಟೆಕ್ಟರು ಎರಡೂ ಲ್ಯಾಬಿಗೆ ಸೇರಿ ಇರುವುದು ಒಂದೇ ಜೊತೆ, ನನಗೆ ಸಿಕ್ಕುವುದು ಮೂರು ವಾರ, ಆ ಮೂರು ವಾರವೂ ಚಪ್ಪಟೆ ಗೆರೆ. ದೊಡ್ಡ ಲೇಸರಾದರೆ ಕರೆಂಟ್ ಏರಿಸುತ್ತಾ ಹೋದಂತೆ ಅದು ದೀಪವಾಗಿದ್ದದ್ದು ಲೇಸರಾದ ಗಳಿಗೆ ಥಟ್ಟನೆ ತಿಳಿಯುತ್ತದೆ. ಧೂಳಿನ ಕಣದಷ್ಟಿರುವ ನಮ್ಮ ಲೇಸರುಗಳು ಗುಟ್ಟು ಬಿಡುವುದಿಲ್ಲ. ದೀಪವಾಗಿದ್ದಾಗ ಕಣಗಳು ಜೊತೆಜೊತೆಯಾಗಿ ಬಂದು ಪರದೆಯ ಮೇಲೆ ಗುಡ್ಡ ಏಳಬೇಕು, ಲೇಸರಾದ ಮೇಲೆ ಗುಡ್ಡ ಕರಗಿ ಗೆರೆಯಾಗಬೇಕು. ಅದು ಕರಗುವುದನ್ನು ಅಳೆದವಳಿಗೆ ಥೀಸಿಸ್. ನನಗೋ, ಕರಗುವುದಕ್ಕೆ ಗುಡ್ಡವೇ ಇಲ್ಲ.

ತುಂಬಾ ರಾಕೆಟ್ ಕೇಂದ್ರದ ಕಡೆಯಿಂದ ಬರುವ ಕಡಲ ಗಾಳಿಗೆ ಬಾಗಿಲು ಊದಿಕೊಂಡು ಸಂದಿಯಿಂದ ಬೆಳಕು ಸೋರುತ್ತದೆ. ಅದಕ್ಕೇ ಡಿಟೆಕ್ಟರಿನ ಎರಡೂ ಕಣ್ಣಿಗೆ ಫಿಲ್ಟರ್ ಗಾಜು ಹಾಕಿದ್ದೇನೆ, ಅದಕ್ಕೂ ಬೂಷ್ಟು ಹಿಡಿಯುತ್ತಿದೆ. ಕತ್ತಲ ಲೆಕ್ಕ ಪೆಟ್ಟಿಗೆಯ ಜೊತೆಗಿರುವ ಪುಸ್ತಕದಲ್ಲಿ ಬರೆದಿದ್ದೇನೆ: ಲೇಸರ್ ಆರಿಸಿ, ಕಪ್ಪು ಬಟ್ಟೆ ಹೊದಿಸಿದರೆ ಎಡಗಣ್ಣು ಸೆಕೆಂಡಿಗೆ 94, ಬಲಗಣ್ಣು 112. ಏನೂ ಇಲ್ಲದ ಕಡೆಯೂ ಏನನ್ನೋ ಕಂಡೆ ಎನ್ನುವ ಕಣ್ಣುಗಳು ಇವು. ನೀನೂ ವಾಪಸು ಕಳಿಸುವ ಮುಂಚೆ ತಪ್ಪದೆ ಬರೆ.

ವೇದಾ

ಕೊಚ್ಚಿ
2 ಅಕ್ಟೋಬರ್ 2005

ವೇದಾ, ಗುಡ್ಡ ಕಂಡಿತು ಮಾರಾಯ್ತಿ!

ಮಂಗಳವಾರ ಹನ್ನೊಂದು ಗಂಟೆಗೆ. ಮೊದಲು ಏನೋ ಗದ್ದಲ ಹೊಕ್ಕಿದೆ ಎಂದುಕೊಂಡು ಎಲ್ಲ ಆರಿಸಿ ಮತ್ತೆ ಹಚ್ಚಿದೆ. ಮತ್ತೆ ಬಂತು. ವಿಠಲ ಪೈ ಸರ್‌ ಅವರನ್ನು ಕರೆದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿ, "ಇನ್ನೊಮ್ಮೆ ಮಾಡು" ಎಂದು ಹೊರಟೇ ಹೋದರು. ಐದು ಸಲ ಮಾಡಿದೆ. ಐದು ಸಲವೂ ಬಂತು. ಗೆರೆ ಒಂದು ಎಂದರೆ ಗುಡ್ಡದ ನೆತ್ತಿ ಒಂದು ದಶಮಾಂಶ ಆರು! ಕರೆಂಟ್ ಏರಿಸಿದ ಹಾಗೆ ಮೆಲ್ಲ ಮೆಲ್ಲನೆ ಕರಗಿ ನೆಲಕ್ಕೆ ಬಂತು, ಪಠ್ಯಪುಸ್ತಕದಲ್ಲಿ ಹೇಳಿದ ಹಾಗೆಯೇ.

ಇಲ್ಲಿ ಎಡಪ್ಪಳ್ಳಿ ಜಂಕ್ಷನ್ನಿನಲ್ಲಿ ಬಸ್ಸು ಅರ್ಧ ಗಂಟೆ ಬರುವುದಿಲ್ಲ, ಆಮೇಲೆ ಮೂರು ಒಟ್ಟಿಗೆ ಬರುತ್ತವೆ. ಅದನ್ನು ನೋಡಿ ದಿನಾ ಬೈಯುತ್ತಿದ್ದೆ. ನಿನ್ನೆ ನೋಡಿ, ಬಸ್ಸೂ ನಮ್ಮ ಕಣಗಳ ಹಾಗೆಯೇ ಎಂದು ನಗು ಬಂತು, ಪಕ್ಕದಲ್ಲಿ ನಿಂತಿದ್ದ ಮಲಯಾಳಿ ಚೇಚಿ ನನ್ನನ್ನು ಒಂದು ಥರ ನೋಡಿದರು.

ನಿನಗೆ ಮೊದಲು ಹೇಳಬೇಕೆಂದು ಉಮ್ಮನಿಗೂ ಫೋನ್ ಮಾಡಲಿಲ್ಲ. ಗ್ರಾಫಿನ ಪ್ರತಿ ಇಟ್ಟಿದ್ದೇನೆ. ಸ್ಪಂಜಿನ ಅಡಿಯಲ್ಲಿ ಹಲ್ವಾ ಉಂಟು, ಡಿಟೆಕ್ಟರಿಗೆ ಎಣ್ಣೆ ತಾಗಿಸಬೇಡ.

ಸುಮಯ್ಯಾ

ತಿರುವನಂತಪುರ
21 ಅಕ್ಟೋಬರ್ 2005

ಸುಮಯ್ಯಾ,

ಹಲ್ವಾ ತಿಂದೆ, ಗ್ರಾಫ್ ನೋಡಿದೆ. ಹಲ್ವಾ ಗಂಟಲಲ್ಲಿ ಇಳಿಯಿತು, ಗುಡ್ಡ ಇಳಿಯಲಿಲ್ಲ.

ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರಿದುಹೋಯಿತು ಕಣೇ. ಅಭಿನಂದನೆ ಎಂದು ಮೊದಲು ಬರೆಯಬೇಕಿತ್ತು. ಬರೆದಿದ್ದೇನೆ ಎಂದುಕೊ. ಮೇಡಂ ನಿನ್ನ ಗ್ರಾಫನ್ನು ತಂದು ನನ್ನ ಮೇಜಿನ ಎದುರಿನ ಗೋಡೆಗೆ ಪಿನ್ನು ಚುಚ್ಚಿ ಸಿಕ್ಕಿಸಿದ್ದಾರೆ. "ನೋಕ್ಕ್ ಮೋಳೇ, ನೋಡು ಮಗಳೇ," ಅಂದರು, "ಅದೇ ಡಿಟೆಕ್ಟರ್, ಅದೇ ಲೇಸರ್." ಅಂದರೆ ಬೇರೆಯಾಗಿರುವುದು ನಾನೊಬ್ಬಳೇ ಎಂದಾಯಿತಲ್ಲ. ಈಗ ತಲೆ ಎತ್ತಿದರೆ ನಿನ್ನ ಗುಡ್ಡ, ಇಳಿಸಿದರೆ ನನ್ನ ಗೆರೆ.

ಕೊಣಾಜೆಯಲ್ಲಿ ಎಂಎಸ್ಸಿಯಲ್ಲಿ ನಾನು ಮೊದಲನೆಯವಳು, ನೀನು ಎರಡನೆಯವಳು. ಎರಡು ವರ್ಷ ನನ್ನ ನೋಟ್ಸ್ ಬರೆದುಕೊಂಡವಳು ನೀನು. ಇದನ್ನು ಬರೆಯಬಾರದೆಂದು ಗೊತ್ತು, ಆದರೂ ಬರೆದೆ, ನೋಡು ನನ್ನ ಗುಣ.

ಬೈದು ಮುಗಿಯಿತು, ಇನ್ನು ಕೆಲಸಕ್ಕೆ ಬರೋಣ. ನಿನ್ನ ಎರಡು ಕಣ್ಣಿನ ನಡುವೆ ದಾರಿ ಎಷ್ಟು? ಯಾವ ಫಿಲ್ಟರ್? ಎಷ್ಟು ಹೊತ್ತು ಎಣಿಸಿದೆ? ಒಂದೂ ಬಿಡದೆ ಬರೆ.

ವೇದಾ

ಕೊಚ್ಚಿ
6 ನವೆಂಬರ್ 2005

ವೇದಾ,

ಹೊಟ್ಟೆ ಉರಿದರೆ ಮಜ್ಜಿಗೆ ಕುಡಿ. ನೀನು ಬಾಯಿಬಿಟ್ಟು ಹೇಳುವವಳು, ಹಾಗಾಗಿ ನನಗೆ ಹೆದರಿಕೆ ಇಲ್ಲ. ನಿನ್ನ ನೋಟ್ಸ್ ಬರೆದುಕೊಂಡದ್ದು ಹೌದು. ಕಾಸರಗೋಡಿನ ಕನ್ನಡ ಮೀಡಿಯಮ್ಮಿನಿಂದ ಬಂದವಳಿಗೆ ಆ ಲೆಕ್ಚರಿನಲ್ಲಿ ಅರ್ಧ ಅರ್ಥವಾಗುತ್ತಿರಲಿಲ್ಲ.

ರಂಜಾನಿನ ನೋಂಬು ಹಿಡಿದುಕೊಂಡೇ ಹತ್ತು ದಿನ ಅಳೆದೆ. ಕ್ಯಾಂಟೀನಿಗೆ ಹೋಗುವ ಕೆಲಸವಿಲ್ಲ, ಹಾಗಾಗಿ ಡೇಟಾ ಜಾಸ್ತಿ. ಹಬ್ಬಕ್ಕೆ ಊರಿಗೆ ಹೋಗಿ ನಿನ್ನೆ ಬಂದೆ. ಉಮ್ಮನಿಗೆ ಗುಡ್ಡದ ವಿಷಯ ಹೇಳಿದರೆ, "ಬೆಳಕನ್ನು ಎಣಿಸಿ ಎಂತ ಮಾಡ್ತಿ? ಮುಗಿಸಿ ಬಾ" ಅಂದರು. ಮುಗಿಯುತ್ತದೆ ಉಮ್ಮ, ಜನವರಿಯಲ್ಲಿ, ಅಂದೆ. ಪೈ ಸರ್ ಇದನ್ನೇ ಥೀಸಿಸ್ಸಿನ ಮುಖ್ಯ ಅಧ್ಯಾಯ ಮಾಡು ಎಂದಿದ್ದಾರೆ. ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ನೀನು ಕೇಳಿದ್ದಕ್ಕೆ ಉತ್ತರ. ಎರಡು ಕಣ್ಣಿನ ನಡುವೆ ಎರಡು ಗೇಣು ದಾರಿ. ಒಂದೊಂದು ಅಳತೆಗೆ ಎರಡು ಗಂಟೆ. ಫಿಲ್ಟರ್ ಗಿಲ್ಟರ್ ಎಂತದೂ ಇಲ್ಲ, ನನ್ನ ಕೋಣೆಗೆ ಕಿಟಕಿಯೇ ಇಲ್ಲವಲ್ಲ. ನನಗನ್ನಿಸುವುದು, ಬೂಷ್ಟು ಹಿಡಿದ ಆ ಗಾಜು ನಿನ್ನ ಬೆಳಕನ್ನೆಲ್ಲ ನುಂಗುತ್ತಿದೆ. ಅದನ್ನು ತೆಗೆದು ಬಾಗಿಲ ಸಂದಿಗೆ ಬಟ್ಟೆ ತುರುಕಿ ನೋಡು. ಖಂಡಿತ ನಿನಗೂ ಬರುತ್ತದೆ.

ಸುಮಯ್ಯಾ

ತಿರುವನಂತಪುರ
14 ನವೆಂಬರ್ 2005

ಸುಮಯ್ಯಾ,

ನೀನು ಹೇಳಿದಂತೆ ಗಾಜು ತೆಗೆದೆ. ಬಂತು ಕಣೇ! ನಿನ್ನದಕ್ಕಿಂತ ಒಂದು ಕೂದಲು ಎತ್ತರದ ಗುಡ್ಡ. ಬಾಗಿಲು ಹಾಕಿಕೊಂಡು ಒಬ್ಬಳೇ ಕುಣಿದೆ. ಆಮೇಲೆ ಲೇಸರ್ ಆರಿಸಿ, ಕಪ್ಪು ಬಟ್ಟೆ ಹೊದಿಸಿ, ಕತ್ತಲ ಲೆಕ್ಕಕ್ಕೆಂದು ಎರಡು ಅಂಕಿ ಗುರುತು ಮಾಡಿಕೊಂಡು ಕ್ಯಾಂಟೀನಿಗೆ ಓಡಿದೆ. ಎರಡು ಬಾಳೆಹಣ್ಣಿನ ಪಳಂಪೊರಿ ತಿಂದು, ಆ ಖುಷಿಯಲ್ಲಿ ಲೈಬ್ರರಿಗೂ ಹೋಗಿ ಬಂದೆ. ಆ ಆತುರದಲ್ಲಿ ಜೋಡಿ ಎಣಿಸುವ ಯಂತ್ರವನ್ನು ನಿಲ್ಲಿಸಿರಲಿಲ್ಲ.

ಮೂರು ಗಂಟೆ ಕಳೆದು ಬಂದು ನೋಡಿದರೆ ಪರದೆಯ ಮೇಲೆ ಗುಡ್ಡ. ಲೇಸರ್ ಆರಿದೆ. ಬಟ್ಟೆ ಹೊದಿಸಿದೆ. ಬೆಳಕೇ ಇಲ್ಲ, ಗುಡ್ಡ ಇದೆ.

ಕತ್ತಲ ಲೆಕ್ಕದಲ್ಲಿ ನಾವು ಒಂದೊಂದು ಕಣ್ಣಿನದನ್ನು ಬೇರೆ ಬೇರೆ ಬರೆಯುತ್ತೇವೆಯೇ ಹೊರತು ಎರಡನ್ನೂ ಕೂಡಿಸಿ ಒಂದು ದಿನವೂ ನೋಡಿರಲಿಲ್ಲ. ಒಂದು ಕಣ್ಣಿನ ಮುಂದೆ ಪೋಸ್ಟ್ ಕಾರ್ಡ್ ಅಡ್ಡ ಇಟ್ಟೆ, ಗುಡ್ಡ ಮಾಯ. ಕಾರ್ಡ್ ತೆಗೆದು ಆ ಕಣ್ಣನ್ನು ಒಂದು ಗೇಣು ಹಿಂದಕ್ಕೆ ಸರಿಸಿದೆ, ಗುಡ್ಡವೂ ಸರಿಯಿತು. ಹಳೆಯ ಗಾಜು ಹಾಕಿದೆ, ಮತ್ತೆ ಮಾಯ. ಕಣ್ಣು ಒಂದು ಕಣವನ್ನು ಹಿಡಿದಾಗ ತಾನೂ ಒಂದು ಚೂರು ಮಿನುಗುತ್ತದೆ, ಆ ಮಿನುಗು ನಡುವೆ ಬೆಳಕನ್ನು ಎರಡು ಪಾಲು ಮಾಡುವ ಗಾಜಿಗೆ ಪುಟಿದು ಇನ್ನೊಂದು ಕಣ್ಣಿಗೆ ಬೀಳುತ್ತದೆ. ಎರಡೂ ಒಟ್ಟಿಗೆ ಕಂಡೆವು ಎನ್ನುತ್ತವೆ. ಕರೆಂಟ್ ಏರಿಸಿ ನಿಜವಾದ ಬೆಳಕು ಹೆಚ್ಚಾದಾಗ ಈ ಮಿನುಗು ಅದರಲ್ಲಿ ಮುಳುಗುತ್ತದೆ, ಗುಡ್ಡ ಕರಗಿದಂತೆ ಕಾಣುತ್ತದೆ. ಪಠ್ಯಪುಸ್ತಕದಲ್ಲಿ ಹೇಳಿದ ಹಾಗೆಯೇ ಕರಗುವುದು ಅದಕ್ಕೇ.

ಅಂದರೆ ನನ್ನ ಗುಡ್ಡ ಸುಳ್ಳು. ನಿನ್ನದೂ ಸುಳ್ಳು.

ನನಗೆ ಮೊದಲು ಬಂದದ್ದು ನಗು, ಸುಮಯ್ಯಾ. ಕೂತು ನಕ್ಕೆ. ಸಂಜೆ ಮೇಡಂ ಬಂದು ಗೋಡೆಯ ಗ್ರಾಫ್ ನೋಡಿ "ಎಷ್ಟು ಚೆಂದದ ಡೇಟಾ" ಎಂದಾಗ ಮೊದಲ ಸಲ ಹೊಟ್ಟೆ ಉರಿಯಲಿಲ್ಲ, ಹಾಯೆನಿಸಿತು. ಈ ಹಾಳೆಯನ್ನು ಇವತ್ತೇ ಪೋಸ್ಟಿಗೆ ಹಾಕಬೇಕು. ಎರಡು ದಿನ, ಎರಡೇ ದಿನ ಇದನ್ನು ನನ್ನ ಹತ್ತಿರ ಇಟ್ಟುಕೊಳ್ಳುತ್ತೇನೆ. ಆಮೇಲೆ ಹಾಕುತ್ತೇನೆ.

ತಿರುವನಂತಪುರ
25 ನವೆಂಬರ್ 2005

ಪ್ರಿಯ ಸುಮಯ್ಯಾ,

ಪೆಟ್ಟಿಗೆ ಕಳಿಸಿದ್ದೇನೆ. ಗಾಜು ತೆಗೆದು ನೋಡಿದೆ, ಹೇಳಿಕೊಳ್ಳುವಂಥದ್ದೇನೂ ಇಲ್ಲ. ಗಾಜು ಮತ್ತೆ ಹಾಕಿದ್ದೇನೆ. ಈ ಸಲ ಕತ್ತಲ ಲೆಕ್ಕ ಬರೆಯಲು ಪುರುಸೊತ್ತಾಗಲಿಲ್ಲ, ಕ್ಷಮಿಸು. ನಿನ್ನ ಕೆಲಸ ಚೆನ್ನಾಗಿ ನಡೆಯುತ್ತಿದೆ ಎಂದು ಭಾವಿಸುತ್ತೇನೆ.

ವೇದವತಿ

ಕೊಚ್ಚಿ
11 ಡಿಸೆಂಬರ್ 2005

ವೇದಾ,

ನಿನಗೆ ಎಂತ ಆಗಿದೆ? "ಪ್ರಿಯ" ಅಂತೆ, "ಭಾವಿಸುತ್ತೇನೆ" ಅಂತೆ, ಬ್ಯಾಂಕಿನಿಂದ ಕಾಗದ ಬಂದ ಹಾಗಿತ್ತು. ಎರಡು ವರ್ಷದಲ್ಲಿ ಒಂದು ದಿನವೂ ಪುಸ್ತಕದ ಆ ಸಾಲು ಖಾಲಿ ಬಿಟ್ಟವಳಲ್ಲ ನೀನು. ಜ್ವರವಾ? ಅಲ್ಲಿ ಸೊಳ್ಳೆ ಜಾಸ್ತಿ ಎಂದು ಅಶ್ರಫ್ ಹೇಳುತ್ತಿದ್ದ. ಉಮ್ಮ ಕಳಿಸಿದ ಕಷಾಯದ ಪುಡಿ ಇಟ್ಟಿದ್ದೇನೆ, ದಿನಕ್ಕೆ ಎರಡು ಸಲ ಕುಡಿ.

ನಿನ್ನ ಖಾಲಿ ಸಾಲು ನೋಡಿ ತುಂಬಾ ಯೋಚನೆ ಮಾಡಿದೆ. ನಿನ್ನ ಕೈಯಲ್ಲಿ ಏನೂ ಇಲ್ಲದೆ ಫೆಬ್ರವರಿ ಬರುತ್ತದೆ. ಫೆಲೋಶಿಪ್ ಮುಂದುವರಿಸಬೇಕೋ ಬೇಡವೋ ಎಂದು ಕಮಿಟಿಯವರು ಕೇಳುವುದು ಆಗಲೇ ಅಲ್ವಾ? ಫೆಬ್ರವರಿ ಎರಡಕ್ಕೆ ನಿಮ್ಮ ಊರಿನಲ್ಲೇ ಸಮ್ಮೇಳನ. ನಮ್ಮ ಗೈಡುಗಳ ಕಟ್ಟಳೆ ಗೊತ್ತಲ್ಲ, ಆ ತಿಂಗಳು ಪೆಟ್ಟಿಗೆ ಯಾರ ಲ್ಯಾಬಿನಲ್ಲಿ ಇರುತ್ತದೋ ಅವರೇ ಮಾತಾಡುವುದು, ಅವರ ಹೆಸರೇ ಮೊದಲು. ಸರದಿ ನನ್ನದು. ಆದರೆ ಪೆಟ್ಟಿಗೆಯನ್ನು ಈಗಲೇ ನಿನಗೆ ಕಳಿಸುತ್ತಿದ್ದೇನೆ, ಸಮ್ಮೇಳನ ಮುಗಿಯುವವರೆಗೆ ನಿನ್ನಲ್ಲಿಯೇ ಇರಲಿ. ಪೈ ಸರ್ ಒಪ್ಪಿದ್ದಾರೆ. ನನ್ನ ಗುಡ್ಡದ ಬಗ್ಗೆ ನೀನು ಮಾತಾಡು. ನಿನ್ನ ಇಂಗ್ಲಿಷ್ ನನ್ನದಕ್ಕಿಂತ ಚೆಂದ. ನಿನಗೂ ಏನಾದರೂ ಒಂದು ಬೇಕಲ್ಲ ಮಾರಾಯ್ತಿ.

ನನ್ನ ಥೀಸಿಸ್ ಜನವರಿ ಮೂವತ್ತಕ್ಕೆ ಹೋಗುತ್ತದೆ. ಅದನ್ನು ಓದುವ ಪರೀಕ್ಷಕರು ಸಮ್ಮೇಳನಕ್ಕೂ ಬರುತ್ತಾರಂತೆ. ಚೆಂದ ಮಾಡಿ ಹೇಳು, ನನ್ನ ಮಾನ ನಿನ್ನ ಕೈಯಲ್ಲಿ.

ಸುಮಯ್ಯಾ

ತಿರುವನಂತಪುರ
23 ಡಿಸೆಂಬರ್ 2005

ಸುಮಯ್ಯಾ,

ನನಗೆ ಜ್ವರವಿಲ್ಲ. ಕಷಾಯ ಬೇಡ. ನಿನ್ನ ಗುಡ್ಡವೂ ಬೇಡ.

"ನಿನಗೂ ಏನಾದರೂ ಒಂದು ಬೇಕಲ್ಲ" ಎಂದು ಬರೆದಿದ್ದೀಯಲ್ಲ, ಬರೆದ ಮೇಲೆ ಒಮ್ಮೆ ಓದಿ ನೋಡಲಿಲ್ಲವಾ? ಊಟ ಉಳಿದರೆ ಪಕ್ಕದ ಮನೆಯವಳಿಗೆ ಕರೆದು ಕೊಡುವ ಹಾಗೆ ಹೆಸರು ಕೊಡುತ್ತಿದ್ದೀಯ. ಎರಡನೆಯವಳಿಗೆ ಮೊದಲನೆಯವಳ ಮೇಲೆ ಕನಿಕರ ಪಡುವ ದಿನ ಬಂತು ಎಂದು ಖುಷಿಯೇ? ನನಗೆ ನಿನ್ನ ಕನಿಕರ ಬೇಕಿಲ್ಲ. ನನ್ನ ಹೆಸರು ತೆಗೆಸು. ಯಾಕೆಂದು ಕೇಳಬೇಡ. ಥೀಸಿಸ್ ಕಳಿಸುವ ಆತುರವೂ ಬೇಡ, ಇನ್ನೂ ಅಳೆದು ನೋಡು. ಅಷ್ಟೇ ಹೇಳಬಲ್ಲೆ.

ವೇದವತಿ

ಕೊಚ್ಚಿ
3 ಜನವರಿ 2006

ವೇದವತಿ,

ನಿನ್ನ ಕಾಗದ ಮೂರು ಸಲ ಓದಿದೆ. ಅಂಬಲಮುಗಳ್ ಕಡೆ ಹೋಗುವ ಬಸ್ಸಿನಲ್ಲಿ ಓದುತ್ತಾ ಇಳಿಯುವ ಸ್ಟಾಪು ದಾಟಿ, ರಿಫೈನರಿಯ ಬೆಂಕಿ ಕಾಣುವವರೆಗೂ ಹೋಗಿದ್ದೆ.

ನಾನು ಎಂತ ತಪ್ಪು ಮಾಡಿದೆ? ನನ್ನದನ್ನು ನಿನಗೆ ಕೊಟ್ಟೆ. ಅದಕ್ಕೆ ಇಷ್ಟು ಸಿಟ್ಟಾ? ಥೀಸಿಸ್ ತಡ ಮಾಡು ಅನ್ನುತ್ತಿ. ಯಾಕೆ, ನಾನು ನಿನಗಿಂತ ಮೊದಲು ಮುಗಿಸಬಾರದು ಎಂದಾ? ಅಷ್ಟು ಕೆಟ್ಟವಳಾ ನೀನು? ಇಲ್ಲ ಎಂದು ನನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದೇನೆ.

ಹೆಸರು ತೆಗೆಸಲು ಆಗುವುದಿಲ್ಲ. ಕಾರ್ಯಕ್ರಮದ ಪಟ್ಟಿ ಅಚ್ಚಿಗೆ ಹೋಗಿದೆ. ಥೀಸಿಸ್ ಬೈಂಡಿಂಗಿಗೆ ಇಪ್ಪತ್ತೈದಕ್ಕೆ ಕೊಡುತ್ತೇನೆ. ನಿನಗೆ ಹೇಳುವುದಕ್ಕೆ ಏನಾದರೂ ಇದ್ದರೆ ಸರಿಯಾಗಿ ಹೇಳು. ಇಲ್ಲದಿದ್ದರೆ ಸುಮ್ಮನಿರು.

ಸುಮಯ್ಯಾ

ಕೊಚ್ಚಿ, ಎರ್ನಾಕುಳಂ ನಾರ್ತ್ ಸ್ಟೇಷನ್
14 ಜನವರಿ 2006

ಸುಮಯ್ಯಾ,

ಪೆಟ್ಟಿಗೆಯನ್ನು ನಾನೇ ತಂದು ನಿಮ್ಮ ವಾಚ್‌ಮನ್ ಕೈಯಲ್ಲಿ ಕೊಡಬೇಕೆಂದಿದ್ದೇನೆ. ನಿನ್ನ ಮುಖ ನೋಡುವ ಧೈರ್ಯವಿಲ್ಲ, ಕೊಟ್ಟು ಮುಂದಿನ ರೈಲಿಗೆ ವಾಪಸು ಹೋಗುತ್ತೇನೆ. ಇದನ್ನು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಇದರ ಜೊತೆ ಇನ್ನೊಂದು ಹಾಳೆ ಇದೆ. ಅದರ ತಾರೀಖು ನೋಡು. ನವೆಂಬರ್ ಹದಿನಾಲ್ಕು. ಮೊದಲು ಅದನ್ನು ಓದು, ಆಮೇಲೆ ಇದನ್ನು.

ಓದಿದೆಯಾ? ಎರಡು ದಿನ ಎಂದು ಬರೆದದ್ದು ಎರಡು ತಿಂಗಳಾಯಿತು. ಮೊದಲು ನಿನ್ನ ಗುಡ್ಡ ಸುಳ್ಳೆಂದು ನನಗೊಬ್ಬಳಿಗೇ ಗೊತ್ತಿರುವ ಸುಖ. ಆಮೇಲೆ, ಹೇಳಿದರೆ "ಇಷ್ಟು ದಿನ ಯಾಕೆ ಹೇಳಲಿಲ್ಲ" ಎನ್ನುತ್ತೀಯೆಂಬ ಭಯ. ಆಮೇಲೆ ನಿನ್ನ ಕಷಾಯದ ಪುಡಿ ಬಂತು. ಅದನ್ನು ನೋಡಿ ನಾಚಿಕೆಯಾಗಬೇಕಿತ್ತು, ನನಗೆ ಸಿಟ್ಟು ಬಂತು.

ಇನ್ನೂ ಒಂದು ಹೇಳಿಬಿಡುತ್ತೇನೆ. ಮೊನ್ನೆ ಪುಸ್ತಕ ತೆಗೆದು ಆ ಖಾಲಿ ಸಾಲಿನ ಕೆಳಗೆ ಜನವರಿ ಹನ್ನೆರಡು ಎಂದು ಪೆನ್ಸಿಲಿನಲ್ಲಿ ಬರೆದಿದ್ದೆ. ಇವತ್ತಷ್ಟೇ ಕಂಡುಹಿಡಿದೆ ಎಂದು ನಿನಗೆ ಬರೆಯುವವಳಿದ್ದೆ. ನೀನು ನಂಬುತ್ತಿದ್ದೆ, ಥ್ಯಾಂಕ್ಸ್ ಕೂಡ ಹೇಳುತ್ತಿದ್ದೆ. ಆ ಥ್ಯಾಂಕ್ಸ್ ಇಸಿದುಕೊಂಡು ಬದುಕುವುದು ನನ್ನಿಂದಾಗದು ಅನ್ನಿಸಿತು. ಪೆನ್ಸಿಲ್ ಅಳಿಸಿದೆ, ಖಾಲಿ ಬಿಟ್ಟ ಸಾಲಿನಲ್ಲೇ ಇಂಕಿನಲ್ಲಿ ಬರೆದೆ: 14-11-2005, ಲೇಸರ್ ಆರಿಸಿ, ಬಟ್ಟೆ ಹೊದಿಸಿ, ಮೂರು ಗಂಟೆಯಲ್ಲಿ ಜೋಡಿ 63. ಅಳಿಸಿದ ಗುರುತು ಕಾಣುತ್ತದೆ, ಕಾಣಲಿ.

ನನ್ನ ಮಾತು ನಂಬಬೇಡ, ನೀನೇ ಮಾಡಿ ನೋಡು. ಕಪ್ಪು ಬಟ್ಟೆ ಹೊದಿಸಿ ಮೂರು ಗಂಟೆ ಬಿಡು. ಆಮೇಲೆ ಒಂದು ಕಣ್ಣಿಗೆ ಕಾರ್ಡ್ ಅಡ್ಡ ಇಟ್ಟು ಮೂರು ಗಂಟೆ. ಥೀಸಿಸ್ ಬೈಂಡಿಂಗಿಗೆ ಕೊಡಬೇಡ. ಕಾಲಿಗೆ ಬಿದ್ದು ಕೇಳುತ್ತೇನೆ, ಕೊಡಬೇಡ.

ವೇದಾ

ಕೊಚ್ಚಿ
21 ಜನವರಿ 2006

ವೇದವತಿ,

ಬಟ್ಟೆ ಹೊದಿಸಿದೆ. ಮೂರು ಗಂಟೆ, ಜೋಡಿ 58. ಕಾರ್ಡ್ ಇಟ್ಟು ಮೂರು ಗಂಟೆ, ಜೋಡಿ ಸೊನ್ನೆ. ನನ್ನ ಗುಡ್ಡ ನನ್ನದಲ್ಲ.

ಪೈ ಸರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದರು, ಒರೆಸಲಿಲ್ಲ. ಥೀಸಿಸ್ ನಿಲ್ಲಿಸಿದೆ. ಉಮ್ಮನಿಗೆ ಇನ್ನೂ ಹೇಳಿಲ್ಲ.

ನನಗೂ ಗೊತ್ತಾಗಬೇಕಿತ್ತು, ಆ ತಪ್ಪು ನನ್ನದೇ. ಈ ಡಿಟೆಕ್ಟರು ನಿಧಾನ, ನಿಜವಾದ ಗುಡ್ಡವನ್ನು ಸವೆಸಿ ಸಣ್ಣದು ಮಾಡುತ್ತದೆ, ಅಷ್ಟು ಎತ್ತರ ಕಾಣಬಾರದು ಎಂದು ಯಾರಾದರೂ ಹೇಳಬಹುದಿತ್ತು. ಯಾರಾದರೂ ಅಂದರೆ ನೀನು. ನಾನು ನೋಂಬು ಹಿಡಿದು ಅಳೆದ ಹತ್ತು ದಿನ ಸುಳ್ಳಾಯಿತಲ್ಲ, ಅದಕ್ಕೂ ಅತ್ತಿಲ್ಲ. ನಿನಗೆ ಜ್ವರ ಎಂದುಕೊಂಡು ಉಮ್ಮನ ಹತ್ತಿರ ಪುಡಿ ಮಾಡಿಸಿದೆನಲ್ಲ, ಅದನ್ನು ನೆನೆದರೆ ಅಳು ಬರುತ್ತದೆ. ನನ್ನನ್ನು ಎಂಥ ಮಂಗ ಮಾಡಿದೆ ನೀನು!

ನಿನ್ನ ಹೆಸರು ತೆಗೆಸುವುದಿಲ್ಲ. ಮೊದಲು ಇದೆ, ಮೊದಲೇ ಇರಲಿ. ಎರಡನೆಯ ತಾರೀಖು ನೀನೇ ನಿಂತು ಮಾತಾಡು. ನನ್ನ ಗುಡ್ಡವನ್ನೂ ತೋರಿಸು, ಬಟ್ಟೆಯ ಕೆಳಗಿನದನ್ನೂ ತೋರಿಸು. ಯಾವತ್ತು ಕಂಡೆ, ಯಾವತ್ತು ಹೇಳಿದೆ, ಎರಡು ತಾರೀಖನ್ನೂ ಹೇಳು. ನಾನು ಬರುವುದಿಲ್ಲ.

ಸುಮಯ್ಯಾ

ತಿರುವನಂತಪುರ
5 ಫೆಬ್ರವರಿ 2006

ಸುಮಯ್ಯಾ,

ಹೇಳಿದೆ.

ನಿನ್ನ ಗುಡ್ಡ ತೋರಿಸಿದಾಗ ಮುಂದಿನ ಸಾಲಿನವರೆಲ್ಲ ತಲೆದೂಗಿದರು. ಅಲ್ಲಿಗೇ ನಿಲ್ಲಿಸಿಬಿಡು ಎಂದು ಒಳಗಿನಿಂದ ಯಾರೋ ಹೇಳಿದ ಹಾಗಾಯಿತು, ನಿನ್ನಲ್ಲಿ ಮುಚ್ಚಿಡುವುದು ಇನ್ನೇನಿದೆ. ಆಮೇಲೆ ಬಟ್ಟೆಯ ಕೆಳಗಿನದನ್ನು ತೋರಿಸಿದೆ. ಎರಡು ತಾರೀಖನ್ನೂ ಹೇಳಿದೆ. ನಿನ್ನ ಪರೀಕ್ಷಕರು, ಬಿಳಿ ಮೀಸೆಯ ಹಿರಿಯರು, ಕೈ ಎತ್ತಿ ಕೇಳಿದರು: "ಯಂತ್ರದ ದೋಷ ಅರ್ಥವಾಯಿತು. ಈ ಎರಡು ತಿಂಗಳು ಯಾಕೆ?"

ಎಂತೆಂಥದೋ ಉತ್ತರ ತಯಾರು ಮಾಡಿಕೊಂಡು ಹೋಗಿದ್ದೆ, ಮತ್ತೆ ಮತ್ತೆ ಅಳೆದು ಖಚಿತ ಮಾಡಿಕೊಂಡೆ ಎಂದೆಲ್ಲ. ಬಾಯಿಗೆ ಬಂದದ್ದು ಒಂದೇ. ಹೊಟ್ಟೆಕಿಚ್ಚು ಸರ್, ಅಂದೆ, ಇಂಗ್ಲಿಷಿನಲ್ಲೇ. ತಮಾಷೆ ಎಂದುಕೊಂಡು ಹಿಂದಿನವರು ನಕ್ಕರು. ಅವರು ನಗಲಿಲ್ಲ. ಮೇಡಂ ಕೂಡ ನಗಲಿಲ್ಲ. ಸಂಜೆ ಬಂದು ಗೋಡೆಯ ಗ್ರಾಫ್ ಕಿತ್ತು ನನ್ನ ಮೇಜಿನ ಮೇಲಿಟ್ಟು ಹೋದರು, ಇವತ್ತಿಗೆ ಮೂರು ದಿನ, ಮಾತಿಲ್ಲ. ಕಮಿಟಿ ಆರು ತಿಂಗಳು ಕೊಟ್ಟಿದೆ, ಆಮೇಲೆ ಮತ್ತೆ ನೋಡುತ್ತಾರಂತೆ.

ಗ್ರಾಫ್ ಇರುವಾಗ ಕಣ್ಣಿಗೆ ಚುಚ್ಚುತ್ತಿತ್ತು. ಈಗ ಪಿನ್ನಿನ ನಾಲ್ಕು ತೂತು ಇವೆ, ಅವೇ ಹೆಚ್ಚು ಚುಚ್ಚುತ್ತವೆ. ನೀನು ಉತ್ತರ ಬರೆಯುತ್ತೀಯೆಂದು ಕಾಯುವುದಿಲ್ಲ ಎಂದು ಬರೆಯಬೇಕೆಂದಿದ್ದೆ. ಕಾಯುತ್ತೇನೆ.

ವೇದಾ

ಕೊಚ್ಚಿ
18 ಜೂನ್ 2006

ವೇದಾ,

ನಾಲ್ಕು ತಿಂಗಳು ಕಾಗದವಿಲ್ಲದೆ ಬರೀ ಪೆಟ್ಟಿಗೆ ಹೋಗಿ ಬಂತು. ಅಶ್ರಫ್ ಕೇಳಿದ, "ನೀವಿಬ್ಬರು ಮಾತಾಡುದಿಲ್ವಾ ಈಗ? ಹಗುರ ಉಂಟು ಪೆಟ್ಟಿಗೆ" ಎಂದು. ಹಲ್ವಾ ಇಲ್ಲದ್ದಕ್ಕೆ ಹಗುರ, ಅಂದೆ.

ನಿನ್ನ ಹಾಗೆಯೇ ಫಿಲ್ಟರ್ ಗಾಜು ತರಿಸಿ ಹಾಕಿದೆ. ಎರಡು ಗಂಟೆ ಸಾಲದು ಎಂದು ಎಪ್ಪತ್ತು ಗಂಟೆ ಎಣಿಸಿದೆ. ಬಟ್ಟೆಯ ಕೆಳಗೆ ಈಗ ಸೊನ್ನೆ. ಲೇಸರ್ ಹಚ್ಚಿದರೆ, ಸರಿಯಾಗಿ ದೀಪ ಲೇಸರಾಗುವ ಹೊತ್ತಿಗೆ, ಒಂದು ಚಿಕ್ಕ ಗುಡ್ಡ. ಒಂದು ದಶಮಾಂಶ ಸೊನ್ನೆ ನಾಲ್ಕು. ಗುಡ್ಡ ಎನ್ನುವುದಕ್ಕೂ ನಾಚಿಕೆ, ನೆಲ ಸ್ವಲ್ಪ ಉಬ್ಬಿದ ಹಾಗೆ. ಆದರೆ ಅದು ಬೆಳಕಿನದ್ದೇ, ಕಣ್ಣಿನದ್ದಲ್ಲ. ಇಷ್ಟು ದಿನ ನಿನ್ನ ಗೆರೆಯ ಒಳಗೂ ಅದು ಇದ್ದಿರಬೇಕು, ಎಣಿಸಿದ ಹೊತ್ತು ಸಾಲದೆ ಕಾಣಲಿಲ್ಲ. ಪರೀಕ್ಷಕರು ಹೊಸ ಅಧ್ಯಾಯ ಒಪ್ಪಿದರು. ಉಮ್ಮ "ಇಷ್ಟು ಸಣ್ಣದಕ್ಕಾ?" ಅಂದರು.

ಲೇಖನ ನನ್ನ ಹೆಸರಿನಲ್ಲಿ ಹೋಗುತ್ತಿದೆ. ನಿನ್ನ ಹೆಸರು ಕೊನೆಯಲ್ಲಿ, ಕೃತಜ್ಞತೆಯ ಸಾಲಿನಲ್ಲಿ ಉಂಟು. ಮೇಲೆ ಹಾಕಲು ಮನಸ್ಸಾಗಲಿಲ್ಲ. ಕೆಳಗೂ ಹಾಕದೆ ಇರಲು ಆಗಲಿಲ್ಲ.

ಇನ್ನೊಂದು ಹೇಳಬೇಕು, ಇಲ್ಲದಿದ್ದರೆ ನಾನೂ ಸಾಲು ಖಾಲಿ ಬಿಟ್ಟ ಹಾಗಾಗುತ್ತದೆ. ಡಿಸೆಂಬರಿನಲ್ಲಿ ಪೆಟ್ಟಿಗೆ ನಿನಗೆ ಕೊಟ್ಟದ್ದು ಬರೀ ಪ್ರೀತಿಯಿಂದ ಅಲ್ಲ. ಕೊಣಾಜೆಯಿಂದ ಇಲ್ಲಿಯವರೆಗೆ ಮೊದಲ ಸಲ ನಾನು ನಿನಗಿಂತ ಮುಂದೆ ಇದ್ದೆ. ನಿನಗೆ ಏನನ್ನಾದರೂ ಕೊಡುವವಳಾಗಿ ನಿಲ್ಲಬೇಕು ಎಂದು ನನಗೆ ಆಸೆಯಾಗಿತ್ತು. ಎಷ್ಟು ವರ್ಷದಿಂದ ಆಸೆಯಾಗಿತ್ತು ಗೊತ್ತಾ? ಕನಿಕರ ಎಂದು ನೀನು ಬೈದೆ. ಆ ಒಂದು ಬೈಗುಳ ಸರಿಯಾಗಿತ್ತು.

ನಾಳೆ ಅಶ್ರಫ್ ಪೆಟ್ಟಿಗೆ ತರುತ್ತಾನೆ. ಹಲ್ವಾ ಇಟ್ಟಿಲ್ಲ, ಈ ಸಲವೂ ಇಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದೇನೆ. ಪುಸ್ತಕದಲ್ಲಿ ಹೊಸ ಹಾಳೆಗೆ ಗೆರೆ ಎಳೆದು, ಜೋಡಿ ಲೆಕ್ಕಕ್ಕೆ ಒಂದು ಕಾಲಂ ಹೆಚ್ಚು ಮಾಡಿದ್ದೇನೆ. ಮೊದಲು ಕತ್ತಲ ಲೆಕ್ಕ ಬರೆ, ಕಂಡ ದಿನವೇ ಬರೆ. ಆಮೇಲೆ ಹಾಳೆಯ ಅಡಿಯಲ್ಲಿ ಜಾಗ ಉಳಿದರೆ ನನಗೆ ಪತ್ರ ಬರೆ.

ಉಳಿಯುವ ಹಾಗೆ ಅಕ್ಷರ ಸ್ವಲ್ಪ ಸಣ್ಣದು ಮಾಡು.

ಸುಮಯ್ಯಾ